ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ

ಮೂರನೇ ತರಗತಿಯ ಮಗುವೊಂದು 52ರ ಕೆಳಗೆ 27 ಬರೆದು, ಗೆರೆ ಎಳೆದು, ಗೆರೆಯ ಕೆಳಗೆ 35 ಎಂದು ಬರೆದಿದೆ. ಟೀಚರು ಕೆಂಪು ಮಸಿಯಲ್ಲಿ ತಪ್ಪು ಹಾಕಿ ಮುಂದಿನ ನೋಟ್‌ಬುಕ್ಕಿಗೆ ಕೈ ಹಾಕುತ್ತಾರೆ. ತಿದ್ದಬೇಕಾದ ರಾಶಿ ಎದುರಿಗೇ ಇರುವಾಗ ಇನ್ನೇನು ಮಾಡಲಾದೀತು? ಆದರೆ ತಪ್ಪು ಹಾಕುವ ಮುನ್ನ ಮಗುವನ್ನು ಹತ್ತಿರ ಕರೆದು, "ಇದು ಹೆಂಗೆ ಬಂತು, ಹೇಳು ಮಗ" ಎಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಹೀಗಿರುತ್ತದೆ: "ಎರಡ್ರಲ್ಲಿ ಏಳು ಹೋಗಕಿಲ್ಲ ಮಿಸ್. ಅದ್ಕೆ ಏಳ್ರಲ್ಲಿ ಎರಡು ಕಳದೆ, ಐದು. ಐದ್ರಲ್ಲಿ ಎರಡು ಕಳದ್ರೆ ಮೂರು."

ಈ ಮಾತಿನಲ್ಲಿ ಎಲ್ಲೂ ಅಜಾಗ್ರತೆಯಿಲ್ಲ. ಮಗು ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟಿದ್ದೇವೆ. ಅಲ್ಲಿಂದ ಇಲ್ಲಿಯವರೆಗೆ ಅದು ಮಾಡಿದ ಕಳೆಯುವ ಲೆಕ್ಕಗಳಲ್ಲೆಲ್ಲ ಆ ನಿಯಮ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಇದೇ ಮಗುವಿಗೆ 64ರಲ್ಲಿ 38 ಕಳೆ ಎಂದರೆ 34 ಬರೆಯುತ್ತದೆ, 81ರಲ್ಲಿ 46 ಎಂದರೆ 45. ಮಗು ಉತ್ತರ ಬರೆಯುವ ಮೊದಲೇ ಅದು ಬರೆಯಲಿರುವ ತಪ್ಪು ಉತ್ತರವನ್ನು ನಾವು ಹೇಳಬಹುದು. ಮುಂಚಿತವಾಗಿ ಹೇಳಬಹುದಾದ ತಪ್ಪಿನ ಹಿಂದೆ ಒಂದು ಕ್ರಮ ಇರಲೇಬೇಕು. ಕಳೆದ ನಾಲ್ಕೈದು ದಶಕಗಳ ಗಣಿತ ಶಿಕ್ಷಣ ಸಂಶೋಧನೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಭಾಗ ಹೊರಟದ್ದು ಈ ಚಿಕ್ಕ ಸಂಗತಿಯಿಂದ.

1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಮಕ್ಕಳ ಕಳೆಯುವ ಲೆಕ್ಕಗಳನ್ನು ಕಂಪ್ಯೂಟರ್ ನೆರವಿನಿಂದ ವಿಶ್ಲೇಷಿಸಿದರು. ಅವರಿಗೆ ಸಿಕ್ಕ ಲೆಕ್ಕಗಳು ಮಧ್ಯ ಅಮೆರಿಕದ ನಿಕರಾಗುವಾ ದೇಶದವು. ಅಲ್ಲಿ ಆಗ ರೇಡಿಯೊ ಮೂಲಕ ಹಳ್ಳಿಶಾಲೆಗಳಿಗೆ ಗಣಿತ ಕಲಿಸುವ ದೊಡ್ಡ ಯೋಜನೆ ನಡೆಯುತ್ತಿತ್ತು. ಸಾವಿರಕ್ಕೂ ಹೆಚ್ಚು ಮಕ್ಕಳ ಉತ್ತರಗಳನ್ನು ಹರಡಿಕೊಂಡು ನೋಡಿದಾಗ, ಸುಮ್ಮನೆ ಕೈತಪ್ಪಿನಂತೆ ಕಾಣುವ ಎಷ್ಟೋ ಉತ್ತರಗಳು ಸ್ಥಿರವಾದ ಒಂದು ತಪ್ಪು ನಿಯಮದಿಂದ ಬಂದವೆಂದು ತಿಳಿಯಿತು. ಕಂಪ್ಯೂಟರ್ ಪ್ರೋಗ್ರಾಮಿನ ದೋಷಕ್ಕೆ 'ಬಗ್' ಎನ್ನುತ್ತಾರೆ. ಅದೇ ಹೆಸರನ್ನು ಅವರು ಮಕ್ಕಳ ಈ ನಿಯಮಗಳಿಗೂ ಕೊಟ್ಟರು. ಮುಂದಿನ ವರ್ಷಗಳಲ್ಲಿ ಕಳೆಯುವ ಲೆಕ್ಕವೊಂದರಲ್ಲೇ ಇಂಥ ನೂರರ ಆಸುಪಾಸು ದೋಷಗಳನ್ನು ಪಟ್ಟಿ ಮಾಡಲಾಯಿತು.

ಅವುಗಳಲ್ಲಿ ಒಂದನ್ನು ನಿಧಾನವಾಗಿ ನೋಡೋಣ. 304ರಲ್ಲಿ 168 ಕಳೆಯಬೇಕು. ಸರಿಯಾದ ಉತ್ತರ 136. ಕೆಲವು ಮಕ್ಕಳು 46 ಎಂದು ಬರೆಯುತ್ತಾರೆ. ಮೇಲ್ನೋಟಕ್ಕೆ ಇದು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಮಗು ಮಾಡಿದ್ದು ಇಷ್ಟು: 4ರಲ್ಲಿ 8 ಹೋಗದು. ಪಕ್ಕದಲ್ಲಿ ಸೊನ್ನೆ ಇದೆ, ಅಲ್ಲಿಂದ ತರಲು ಏನೂ ಇಲ್ಲ. ಸೊನ್ನೆಯನ್ನು ದಾಟಿ 3ರ ಬಳಿಗೆ ಹೋಗಿ, ಅದನ್ನು 2 ಮಾಡಿ, ಇತ್ತ 4ನ್ನು 14 ಮಾಡಿಕೊಂಡಿತು. 14ರಲ್ಲಿ 8 ಹೋದರೆ 6. ಈಗ ಸೊನ್ನೆಯಲ್ಲಿ 6 ಹೋಗದು, ಆದ್ದರಿಂದ 2ರಿಂದ ಇನ್ನೊಂದು ತಂದು ಹತ್ತು ಮಾಡಿತು. ಹತ್ತರಲ್ಲಿ 6 ಹೋದರೆ 4. ನೂರರ ಸ್ಥಾನದಲ್ಲಿ ಉಳಿದ 1ರಲ್ಲಿ 1 ಹೋಗಿ ಏನೂ ಉಳಿಯಲಿಲ್ಲ. ಉತ್ತರ 46. ಸರಿಯಾದ ಉತ್ತರಕ್ಕೂ ಇದಕ್ಕೂ ನಡುವೆ ಸರಿಯಾಗಿ 90ರ ಅಂತರ. ನೂರು ರೂಪಾಯಿ ನೋಟಿಗೆ ಚಿಲ್ಲರೆ ತರಲು ಹೋದವರು ಹತ್ತೇ ರೂಪಾಯಿ ತಂದ ಹಾಗಾಗಿದೆ: ನೂರರ ಸ್ಥಾನದಿಂದ ಹೊರಟದ್ದು ನೂರು, ಬಿಡಿ ಸ್ಥಾನಕ್ಕೆ ಬಂದು ಸೇರಿದ್ದು ಹತ್ತು. ಆ ತೊಂಬತ್ತು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಮಗುವಿನ ಎದುರು ಇಟ್ಟರೆ ಸ್ಥಾನಬೆಲೆಯ ಪಾಠ ಅಲ್ಲಿಂದಲೇ ಶುರುವಾಗಬಹುದು. ಹತ್ತು ಲೆಕ್ಕಕ್ಕೆ ಹತ್ತು ಕೆಂಪು ಗೆರೆ ಎಳೆದರೆ ಮಗುವಿಗೆ ತಿಳಿಯುವುದು ತನಗೆ ಲೆಕ್ಕ ಬರುವುದಿಲ್ಲ ಎಂಬುದೊಂದೇ.

ಮಕ್ಕಳು ಇಂಥ ನಿಯಮಗಳನ್ನು ಎಲ್ಲಿಂದ ತರುತ್ತಾರೆ? ಸೊನ್ನೆಯನ್ನು ದಾಟಿ ಹೋಗು ಎಂದು ಯಾರೂ ಕಲಿಸಿದ್ದಲ್ಲ. 1980ರಲ್ಲಿ ಬ್ರೌನ್ ಮತ್ತು ಕರ್ಟ್ ವ್ಯಾನ್‌ಲೆಹ್ನ್ ಇದಕ್ಕೊಂದು ವಿವರಣೆ ಕೊಟ್ಟರು. ಅರ್ಧಂಬರ್ಧ ಕಲಿತ ವಿಧಾನ ಒಂದು ಹಂತದಲ್ಲಿ ಮುಂದೆ ಹೋಗದೆ ನಿಂತುಬಿಟ್ಟಾಗ ಮಗು ಲೆಕ್ಕವನ್ನು ಕೈಬಿಡುವುದಿಲ್ಲ, ತನಗೆ ತೋಚಿದ ಒಂದು ದುರಸ್ತಿ ಮಾಡಿಕೊಂಡು ಮುಂದುವರಿಯುತ್ತದೆ. ಸೊನ್ನೆಯನ್ನು ದಾಟಿ ಹೋದದ್ದು ಅಂಥ ಒಂದು ದುರಸ್ತಿ. ನನಗೆ ಈ ವಿವರಣೆ ಬಹಳ ಮುಖ್ಯವೆನಿಸುತ್ತದೆ. 'ದಡ್ಡ' ಎಂಬ ಹಣೆಪಟ್ಟಿ ಹೊತ್ತು ಹಿಂದಿನ ಸಾಲಿನಲ್ಲಿ ಕೂತ ಮಗು ಹಾಗಾದರೆ ಯೋಚಿಸುತ್ತಿದೆ, ಅದೂ ಒಂಟಿಯಾಗಿ, ಯಾರ ನೆರವೂ ಇಲ್ಲದೆ.

ಈಗ ಟೀಚರ ಕಡೆಗೆ ಬರೋಣ. 52ರಲ್ಲಿ 27 ಕಳೆಯುವುದನ್ನು ಕರ್ನಾಟಕದ ಶಾಲೆಗಳಲ್ಲಿ 'ದಶಕ ಸಹಿತ ಕಳೆಯುವ ಲೆಕ್ಕ' ಎನ್ನುತ್ತಾರೆ. ಅದನ್ನು ಹೇಳಿಕೊಡುವ ರೀತಿ ನಮಗೆಲ್ಲ ಗೊತ್ತು: ಎರಡರ ಮನೆಯಲ್ಲಿ ಏಳು ಇಲ್ಲ, ಆದ್ದರಿಂದ ಪಕ್ಕದ ಮನೆಯಿಂದ ಒಂದು ಸಾಲ ತರಬೇಕು. ಹಾಗೆ ಕಲಿತೇ ನಾವು ಲೆಕ್ಕ ಮಾಡಿದ್ದೇವೆ, ಉತ್ತರವೂ ಸರಿ ಬಂದಿದೆ. ಅಮೆರಿಕದ ಶಿಕ್ಷಕರೂ ನೆರೆಮನೆಯ ಕತೆಯನ್ನೇ ಹೇಳುತ್ತಾರೆಂದು ಲಿಪಿಂಗ್ ಮಾ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಚೀನಾದಲ್ಲಿ ಹುಟ್ಟಿದ ಮಾ ಅಲ್ಲಿಯ ಹಳ್ಳಿಯೊಂದರಲ್ಲಿ ಸ್ವತಃ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಅಮೆರಿಕಕ್ಕೆ ಹೋಗಿ ಸಂಶೋಧನೆ ಮಾಡಿದವರು. ಅವರ ತಕರಾರು ಇದು: ನೆರೆಮನೆ ಎಂದೊಡನೆ 5 ಮತ್ತು 2 ಎರಡು ಬೇರೆಬೇರೆ ಸಂಸಾರಗಳಾಗುತ್ತವೆ. 52 ಎಂಬುದು ಒಂದೇ ಸಂಖ್ಯೆ, ಅದರೊಳಗಿನ ಐದು ಹತ್ತುಗಳಲ್ಲಿ ಒಂದನ್ನು ಬಿಚ್ಚಿ ನಾಲ್ಕು ಹತ್ತು ಮತ್ತು ಹನ್ನೆರಡು ಬಿಡಿ ಎಂದು ಜೋಡಿಸಿಕೊಂಡಿದ್ದೇವೆ, ಬೆಲೆ ಒಂದಿಷ್ಟೂ ಬದಲಾಗಿಲ್ಲ ಎಂಬ ಮೂಲ ವಿಷಯ ಆ ಕತೆಯಲ್ಲಿ ಮರೆಯಾಗುತ್ತದೆ. ಸಾಲ ತಂದದ್ದನ್ನು ಹಿಂದಿರುಗಿಸುವುದು ಯಾವಾಗ ಎಂದು ಕೇಳುವ ಚುರುಕು ಮಗುವಿಗೂ ಅದರಲ್ಲಿ ಉತ್ತರವಿಲ್ಲ.

ಮಾ 23 ಮಂದಿ ಅಮೆರಿಕದ ಶಿಕ್ಷಕರನ್ನೂ 72 ಮಂದಿ ಚೀನಾದ ಶಿಕ್ಷಕರನ್ನೂ ಮಾತಾಡಿಸಿದ್ದರು. ಕೇಳಿದ ಪ್ರಶ್ನೆಗಳಲ್ಲಿ ಒಂದು, ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೆ ಹೊಂದುವ ಕತೆಯೊಂದನ್ನು ಹೇಳಿ ಎಂಬುದು. ನೀವೂ ಒಂದು ಗಳಿಗೆ ಓದು ನಿಲ್ಲಿಸಿ ಪ್ರಯತ್ನಿಸಿ. ಒಂದೂಮುಕ್ಕಾಲು ಹೋಳಿಗೆಯನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಎಂಬ ಕತೆ ತೋಚಿದ್ದರೆ ಅದು ಅರ್ಧದಿಂದ ಭಾಗಿಸಿದ್ದಾಗಲಿಲ್ಲ, ಎರಡರಿಂದ ಭಾಗಿಸಿದ್ದಾಯಿತು. ಒಂದೂಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರಿನ ಎಷ್ಟು ಪಾತ್ರೆ ತುಂಬೀತು ಎಂದು ಕೇಳಿದರೆ ಸರಿ. ಉತ್ತರ ಮೂರೂವರೆ. ಅಮೆರಿಕದ ಶಿಕ್ಷಕರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಲೆಕ್ಕವನ್ನು ಸರಿಯಾಗಿ ಮುಗಿಸಿದರು, ಸರಿಯಾದ ಕತೆ ಹೇಳಿದವರು ಒಬ್ಬರೇ. ಚೀನಾದ 72 ಮಂದಿಯೂ ಲೆಕ್ಕ ಸರಿ ಮಾಡಿದರು, ಶೇ 90ರಷ್ಟು ಜನ ಸರಿಯಾದ ಕತೆಯನ್ನೂ ಹೇಳಿದರು. ಇದರಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಮೆರಿಕದ ಶಿಕ್ಷಕರೆಲ್ಲ ಪದವೀಧರರು. ಚೀನಾದವರು ಒಂಬತ್ತನೇ ತರಗತಿ ಮುಗಿಸಿ ಎರಡು ಮೂರು ವರ್ಷ ಶಿಕ್ಷಕರ ತರಬೇತಿ ಪಡೆದವರು, ಬಿಟ್ಟರೆ ಬೇರೆ ಪದವಿಯಿಲ್ಲ. ಅವರ ತಿಳಿವು ಬೆಳೆದದ್ದು ಕೆಲಸಕ್ಕೆ ಸೇರಿದ ಮೇಲೆ. ಪಠ್ಯಪುಸ್ತಕವನ್ನು ಎದುರಿಗಿಟ್ಟುಕೊಂಡು, ಸಹೋದ್ಯೋಗಿಗಳ ಜೊತೆ ಕೂತು, ಈ ಲೆಕ್ಕ ಯಾಕೆ ಈ ಪುಟದಲ್ಲಿ ಬಂತು, ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ವರ್ಷವರ್ಷವೂ ಚರ್ಚಿಸಿ ಪಡೆದದ್ದು.

ಎಸ್ಸೆಸ್ಸೆಲ್ಸಿವರೆಗೆ ಲೆಕ್ಕ ಬಂದರೆ ಎರಡನೇ ತರಗತಿಗೆ ಲೆಕ್ಕ ಹೇಳಿಕೊಡುವುದು ಯಾವ ಮಹಾ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪೆಂದು 1986ರಲ್ಲೇ ಲೀ ಶುಲ್ಮನ್ ವಾದಿಸಿದ್ದರು. ವಿಷಯ ಗೊತ್ತಿರುವುದು ಒಂದು, ತರಗತಿ ನಡೆಸುವ ಚಾತುರ್ಯ ಇನ್ನೊಂದು, ಇವೆರಡರ ನಡುವೆ ವಿಷಯವನ್ನು ಕಲಿಸುವುದಕ್ಕೆಂದೇ ಬೇಕಾದ ಮೂರನೆಯ ಬಗೆಯ ತಿಳಿವೊಂದಿದೆ ಎಂದರು. ಗಣಿತದಲ್ಲಿ ಅದು ಏನೆಂದು ಬಿಡಿಸಿ ತೋರಿಸಿದವರು ಡೆಬೊರಾ ಬಾಲ್. ಅವರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಲೇ ಸಂಶೋಧನೆ ಮಾಡಿದವರು.

ಉದಾಹರಣೆಗೆ ಮೂವರು ಮಕ್ಕಳು ಅದೇ 52−27ಕ್ಕೆ 25 ಎಂಬ ಸರಿಯುತ್ತರ ತಂದರೆನ್ನಿ. ಒಬ್ಬಳು ಹತ್ತನ್ನು ಬಿಚ್ಚಿ ಪುಸ್ತಕದ ಕ್ರಮದಲ್ಲಿ ಮಾಡಿದ್ದಾಳೆ. ಇನ್ನೊಬ್ಬ 27ರಿಂದ 30ಕ್ಕೆ ಮೂರು, 30ರಿಂದ 50ಕ್ಕೆ ಇಪ್ಪತ್ತು, ಮೇಲೆ ಎರಡು ಎಂದು ಅಂಗಡಿಯವರು ಚಿಲ್ಲರೆ ಎಣಿಸುವ ಹಾಗೆ ಎಣಿಸಿದ್ದಾನೆ. ಮೂರನೆಯವಳು 50ರಲ್ಲಿ 20 ಹೋದರೆ 30, ಎರಡರಲ್ಲಿ ಏಳು ಕಳೆಯಲು ಐದು ಕಡಿಮೆ ಬೀಳುತ್ತದೆ, ಆ ಐದನ್ನು 30ರಲ್ಲಿ ಕಳೆದರೆ 25 ಎಂದಿದ್ದಾಳೆ. ಮೂರೂ ವಿಧಾನ ಸರಿಯೆ? ಎಲ್ಲ ಸಂಖ್ಯೆಗಳಿಗೂ ನಡೆಯುತ್ತವೆಯೆ, ಅಥವಾ ಇದೊಂದಕ್ಕೆ ಅದೃಷ್ಟದಿಂದ ಹೊಂದಿಕೊಂಡವೆ? ಟೀಚರು ಇದನ್ನು ನಿಂತ ನಿಲುವಿನಲ್ಲಿ ತೀರ್ಮಾನಿಸಬೇಕು. ಮೂರೂ ಸರಿ, ಎಲ್ಲ ಸಂಖ್ಯೆಗಳಿಗೂ ನಡೆಯುತ್ತವೆ. ಮೂರನೆಯ ಹುಡುಗಿಯಂತೂ ಋಣಸಂಖ್ಯೆಯ ಹೊಸ್ತಿಲಿಗೆ ಬಂದು ನಿಂತಿದ್ದಾಳೆ. ಎಂಜಿನಿಯರಿಗಾಗಲಿ ಬ್ಯಾಂಕಿನವರಿಗಾಗಲಿ ಇಂಥ ತೀರ್ಪು ಕೊಡುವ ಪ್ರಸಂಗ ಬರುವುದಿಲ್ಲ, ಅವರಿಗೆ ಉತ್ತರ ಬಂದರೆ ಸಾಕು. ಈ ತಿಳಿವು ಪ್ರಾಥಮಿಕ ಶಿಕ್ಷಕರ ಸ್ವಂತ ಆಸ್ತಿ. ಅದನ್ನು ಅಳೆಯುವ ಪ್ರಶ್ನೆಗಳನ್ನೂ ಬಾಲ್ ಮತ್ತು ಸಂಗಡಿಗರು ರೂಪಿಸಿದರು. ಅಮೆರಿಕದ 115 ಶಾಲೆಗಳ ಒಂದನೇ ಮತ್ತು ಮೂರನೇ ತರಗತಿಗಳಲ್ಲಿ ಅಳೆದು ನೋಡಿ, ಶಿಕ್ಷಕರಲ್ಲಿ ಈ ತಿಳಿವು ಹೆಚ್ಚಿದ್ದಲ್ಲಿ ಮಕ್ಕಳ ಗಣಿತ ಕಲಿಕೆಯೂ ಹೆಚ್ಚು ಮುಂದುವರಿದಿದೆ ಎಂದು ಹೆದರ್ ಹಿಲ್, ಬ್ರಯಾನ್ ರೋವನ್ ಮತ್ತು ಬಾಲ್ 2005ರಲ್ಲಿ ವರದಿ ಮಾಡಿದರು. ಒಂದನೇ ತರಗತಿಯಲ್ಲೂ ಹಾಗೆಯೇ ಎಂಬುದು ಅವರಿಗೇ ಅಚ್ಚರಿ ತಂದ ಫಲಿತಾಂಶ.

ಮಕ್ಕಳ ಲೆಕ್ಕ ಶಾಲೆಯ ಹೊರಗೂ ಇದೆ. ಅದಕ್ಕೆ ಒಂದು ಊರನ್ನು ನೋಡೋಣ. ನಂಜನಗೂಡಿನಿಂದ ಊಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಗುಂಡ್ಲುಪೇಟೆಗೆ ಮುಂಚೆ ಸಿಗುವುದು ಬೇಗೂರು. ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಮುಂಗಾರಿನಲ್ಲಿ ಈ ದಾರಿಯ ಎರಡೂ ಕಡೆ ಚೆಂಡುಹೂವು, ಸೂರ್ಯಕಾಂತಿ. ಉಳಿದಂತೆ ಅರಿಶಿನ, ಸಣ್ಣ ಈರುಳ್ಳಿ, ಟೊಮೆಟೊ, ಬಾಳೆ. ಇಲ್ಲಿಯ ಮಕ್ಕಳು ರಜಾದಿನಗಳಲ್ಲಿ ಅವ್ವ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಾರೆ, ತೂಕ ಹಾಕುವಲ್ಲಿ ನಿಲ್ಲುತ್ತಾರೆ, ಕೂಲಿಯ ಬಟವಾಡೆ ನೋಡುತ್ತಾರೆ. ಕೆ.ಜಿ.ಗೆ ಏಳು ರೂಪಾಯಿಯಂತೆ 38 ಕೆ.ಜಿ. ಹೂವಿಗೆ ಎಷ್ಟು ಎಂದು ಅಲ್ಲಿ ಕೇಳಿದರೆ, ನಲವತ್ತಕ್ಕೆ ಇನ್ನೂರ ಎಂಬತ್ತು, ಅದರಲ್ಲಿ ಎರಡು ಕೆ.ಜಿ.ಯ ಹದಿನಾಲ್ಕು ಬಿಟ್ಟರೆ ಇನ್ನೂರ ಅರವತ್ತಾರು ಎಂದು ಲೆಕ್ಕ ಒಪ್ಪಿಸುವ ಮಕ್ಕಳು ಇಂಥ ಊರುಗಳಲ್ಲಿ ಅಪರೂಪವಲ್ಲ. ಅದೇ ಮಗುವಿಗೆ ಶಾಲೆಯಲ್ಲಿ 38×7 ಎಂದು ಬರೆದುಕೊಟ್ಟರೆ?

ಈ ಪ್ರಶ್ನೆಯನ್ನು ಮೊದಲು ಚೆನ್ನಾಗಿ ಕೇಳಿದ್ದು ಬ್ರೆಜಿಲಿನಲ್ಲಿ. ರೆಸಿಫೆ ನಗರದ ಬೀದಿಗಳಲ್ಲಿ ಎಳನೀರು, ನಿಂಬೆಹಣ್ಣು ಮಾರುವ ಮಕ್ಕಳನ್ನು ತೆರೆಜಿನ್ಯಾ ನ್ಯೂನೆಸ್, ಡೇವಿಡ್ ಕ್ಯಾರಹರ್ ಮತ್ತು ಅನಲೂಸಿಯಾ ಶ್ಲೀಮನ್ ಅಧ್ಯಯನ ಮಾಡಿದರು. 1985ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಮಕ್ಕಳು ಶೇ 98ರಷ್ಟನ್ನು ಸರಿ ಮಾಡಿದರು. ಅವೇ ಸಂಖ್ಯೆಗಳನ್ನು ಕಾಗದದ ಮೇಲೆ ಬರೀ ಲೆಕ್ಕವಾಗಿ ಕೊಟ್ಟಾಗ ಸರಿಯಾದದ್ದು ಶೇ 37. ಅಧ್ಯಯನ ಮಾಡಿದ್ದು ಐದೇ ಮಕ್ಕಳನ್ನು, ಆದ್ದರಿಂದ ಅನುಮಾನಕ್ಕೆ ಜಾಗವಿತ್ತು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಆ ಅನುಮಾನವನ್ನು ಬಹುಮಟ್ಟಿಗೆ ನಿವಾರಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತಿತರರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳನ್ನೂ 471 ಶಾಲಾಮಕ್ಕಳನ್ನೂ ಪರೀಕ್ಷಿಸಿದ್ದರು. ಸಂತೆಯ ಮಕ್ಕಳು ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಸಲೀಸಾಗಿ ಮಾಡಿ ಶಾಲೆಯ ಮಾದರಿಯ ಲೆಕ್ಕದಲ್ಲಿ ಸೋತರು. ಶಾಲೆಯ ಮಕ್ಕಳು ಪುಸ್ತಕದ ಲೆಕ್ಕ ಮಾಡಬಲ್ಲವರಾಗಿದ್ದು ವ್ಯಾಪಾರದ ಲೆಕ್ಕದಲ್ಲಿ ಸೋತರು. ಒಂದು ಕಡೆಯ ಜಾಣ್ಮೆ ತಾನಾಗಿ ಇನ್ನೊಂದು ಕಡೆಗೆ ಬರಲಿಲ್ಲ. ಎರಡನ್ನೂ ಜೋಡಿಸುವವರು ಬೇಕು, ಆ ಜಾಗದಲ್ಲಿರುವುದು ಪ್ರಾಥಮಿಕ ಶಾಲೆಯ ಶಿಕ್ಷಕರು. ಮಗುವಿನ "ನಲವತ್ತಕ್ಕೆ ಇನ್ನೂರ ಎಂಬತ್ತು" ಎಂಬ ದಾರಿಯನ್ನು ಕರಿಹಲಗೆಯ ಮೇಲೆ ಬರೆದು, ಗಣಿತದಲ್ಲಿ ಇದಕ್ಕೆ ವಿಭಾಜಕ ನಿಯಮ ಎನ್ನುತ್ತಾರೆ ಎಂದು ತೋರಿಸಬಲ್ಲವರು ಅವರೇ.

ಹಾಗಾದರೆ ಶಿಕ್ಷಕರಿಗೆ ತರಬೇತಿ ಕೊಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವ ದೊಡ್ಡ ಪ್ರಯೋಗಗಳು ಬೇಗೂರಿನ ಸುತ್ತಮುತ್ತಲೇ ನಡೆದಿವೆ.

2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಶ್ರೀಹರಿಕೋಟದಿಂದ ಹಾರಿಸಿತು. ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಬಳಸಿ ನೋಡಲು ಆರಿಸಿದ ಜಿಲ್ಲೆಗಳಲ್ಲಿ ಬೇಗೂರು ಇರುವ ಚಾಮರಾಜನಗರವೂ ಒಂದು. ಜಿಲ್ಲೆಯ 885 ಪ್ರಾಥಮಿಕ ಶಾಲೆಗಳ ಮೇಲೆ ಡಿಶ್ ಕೂತಿತು, ಒಳಗೆ ಟಿ.ವಿ. ಬಂತು. ಬೆಂಗಳೂರಿನಲ್ಲಿ ತಯಾರಾದ ಪಾಠ ಕಾಡಂಚಿನ ಶಾಲೆಗಳಿಗೂ ನಗರದ ಶಾಲೆಗಳಿಗೂ ಒಂದೇ ಗಳಿಗೆಯಲ್ಲಿ ತಲುಪಿತು. ಒಳ್ಳೆಯ ಚಿತ್ರ, ಒಳ್ಳೆಯ ದನಿ, ಚೆನ್ನಾಗಿ ಯೋಚಿಸಿದ ಪಾಠ ದೂರದ ಹಳ್ಳಿಯ ಮಗುವಿಗೂ ಸಿಗಬೇಕೆಂಬ ಆಸೆ ದೊಡ್ಡದು. ಅದನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಶಾಲೆಗಳಲ್ಲಿ ಕೂಡಿಸಿದ್ದು ಸಂಕೇತವನ್ನು ಬರಮಾಡಿಕೊಳ್ಳುವ ಉಪಕರಣ ಮಾತ್ರ. ಇಲ್ಲಿಂದ ಅಲ್ಲಿಗೆ ಏನನ್ನೂ ಕಳಿಸಲಾಗದು. 52−27ನ್ನು ಪರದೆಯ ಮೇಲೆ ಎಷ್ಟು ಸುಂದರವಾಗಿ ಬಿಡಿಸಿ ತೋರಿಸಿದರೂ ಮುಂದೆ ಕೂತ ಮಗು 35 ಎಂದಾಗ ಅದು ಯಾಕೆ 35 ಎಂದಿತು ಎಂದು ಕೇಳಲು ಉಪಗ್ರಹಕ್ಕೆ ಕಿವಿಯಿಲ್ಲ. ಆ ಕೆಲಸ ಟಿ.ವಿ.ಯ ಪಕ್ಕದಲ್ಲಿ ನಿಂತ ಶಿಕ್ಷಕರದ್ದೇ ಆಗಿ ಉಳಿಯಿತು. 2010ರಲ್ಲಿ ಎಜುಸ್ಯಾಟ್‌ನ ಆಯುಷ್ಯ ಮುಗಿಯಿತು.

ನಮ್ಮ ತರಬೇತಿಗಳಿಗೂ ಬಹುಕಾಲ ಇದೇ ಒಮ್ಮುಖದ ಸ್ವಭಾವ ಅಂಟಿಕೊಂಡಿತ್ತು. ರಾಜ್ಯಮಟ್ಟದಲ್ಲಿ ಕೆಲವರಿಗೆ ತರಬೇತಿ, ಅವರು ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಇನ್ನಷ್ಟು ಜನರಿಗೆ, ಅವರು ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಶಿಕ್ಷಕರಿಗೆ. ಮೆಟ್ಟಿಲು ಇಳಿದಂತೆಲ್ಲ 'ಏನು ಮಾಡಬೇಕು' ಎಂಬುದು ಉಳಿಯುತ್ತದೆ, 'ಯಾಕೆ' ಎಂಬುದು ಕರಗುತ್ತದೆ. ಲಕ್ಷಾಂತರ ಶಿಕ್ಷಕರನ್ನು ಮುಟ್ಟಲು ಬೇರೆ ದಾರಿ ಸುಲಭವಲ್ಲ, ನಿಜ. ಆದರೂ ಕೊನೆಯ ಮೆಟ್ಟಿಲಲ್ಲಿ ಕೂತವರ ತರಗತಿಯ ಅನುಭವ ಮೇಲಕ್ಕೆ ಹೋಗುವ ದಾರಿಯೇ ಇಲ್ಲದಿದ್ದರೆ ಮೇಲಿನವರು ಕಲಿಯುವುದು ಎಲ್ಲಿಂದ?

ಬೇರೊಂದು ದಾರಿ ಇದೇ ನೆಲದಲ್ಲಿ, ಎಜುಸ್ಯಾಟ್‌ಗೆ ಸುಮಾರು ಹತ್ತು ವರ್ಷ ಮೊದಲೇ ಹುಟ್ಟಿತ್ತು. 1995ರಲ್ಲಿ ಗುಂಡ್ಲುಪೇಟೆಯೂ ಹೆಗ್ಗಡದೇವನ ಕೋಟೆಯೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು (ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ). ಬಂಡೀಪುರದ ಕಾಡು ಎರಡರಲ್ಲೂ ಹರಡಿಕೊಂಡಿದೆ. ಆ ವರ್ಷ ಎಚ್.ಡಿ. ಕೋಟೆಯ ಪ್ರಾಥಮಿಕ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ಬಹುವರ್ಗ ಬೋಧನೆಗಾಗಿ ರೂಪಿಸಿದ್ದ ಕಲಿಕಾ ಕಾರ್ಡುಗಳ ಪದ್ಧತಿಯನ್ನು ನೋಡಿ ಬಂದರು. ಬಂದು ತಾವೇ ಕೂತು ಕನ್ನಡದಲ್ಲಿ ಕಾರ್ಡು ಬರೆದರು, ಹಾಡು ಕಟ್ಟಿದರು, ಯಾವ ಕಲಿಕೆ ಯಾವುದರ ಮೇಲೆ ನಿಲ್ಲುತ್ತದೆ ಎಂದು ವಿಂಗಡಿಸಿ ಮೈಲಿಗಲ್ಲುಗಳನ್ನು ಗುರುತಿಸಿ ಕಲಿಕಾ ಏಣಿ ಮಾಡಿದರು. ಅದು ನಲಿ ಕಲಿ. ಮಗು ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಮುಂದುವರಿಯುತ್ತದೆ, ಹತ್ತು ದಿನ ಜ್ವರ ಬಂದು ಮಲಗಿದ ಮಗು ವಾಪಸು ಬಂದಾಗ ತಾನು ಬಿಟ್ಟ ಕಾರ್ಡಿನಿಂದಲೇ ಶುರುಮಾಡುತ್ತದೆ. 2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು.

ಕಾರ್ಡಿನ ಬಗ್ಗೆ, ಗೋಡೆಯ ಚಿತ್ರಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಕಾಣುವ ದೊಡ್ಡ ಸಂಗತಿ ಕಾರ್ಡು ತಯಾರಿಸಿದ ಆ ಶಿಕ್ಷಕರು ಕಲಿತದ್ದು. ಕೂಡುವುದಕ್ಕೆ ಮೊದಲು ಏನು ಗೊತ್ತಿರಬೇಕು, ಹತ್ತರ ಕಟ್ಟು ಯಾವ ಮೆಟ್ಟಿಲಲ್ಲಿ ಬರಬೇಕು, ಸೊನ್ನೆ ಯಾವಾಗ ಎಂದು ವಾದ ಮಾಡಿಕೊಂಡು ಏಣಿ ಕಟ್ಟುವುದೆಂದರೆ ಲಿಪಿಂಗ್ ಮಾ ಚೀನಾದ ಶಾಲೆಗಳಲ್ಲಿ ಕಂಡ ಅಧ್ಯಯನವೇ. ಸಿದ್ಧ ಕಾರ್ಡುಗಳ ಪೆಟ್ಟಿಗೆಯಾಗಿ ನಲಿ ಕಲಿ ರಾಜ್ಯದ ಮೂಲೆಮೂಲೆಗೆ ಹೋದಾಗ ಪೆಟ್ಟಿಗೆ ತಲುಪಿತು, ಆ ವಾದ ತಲುಪಲಿಲ್ಲ. ಯೋಜನೆ ಹಿಗ್ಗಿದಾಗ ಕುಗ್ಗಿದ್ದು ಅದೇ.

ನಲಿ ಕಲಿ ಮುಗಿದು ನಾಲ್ಕನೇ ತರಗತಿಗೆ ಕಾಲಿಟ್ಟ ಮಗುವಿಗೆ ಪಠ್ಯಪುಸ್ತಕ, ಭಾಗಾಕಾರ, ಭಿನ್ನರಾಶಿ ಎಲ್ಲ ಒಟ್ಟಿಗೆ ಎದುರಾಗುತ್ತವೆ. ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ಸೇರಿ ನಡೆಸಿದ 'ಗಣಿತ ಕಲಿಕಾ ಆಂದೋಲನ' ಕೈಯಿಟ್ಟದ್ದು ಈ ನಾಲ್ಕು ಮತ್ತು ಐದನೇ ತರಗತಿಗಳಿಗೆ. ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ, ಆಮೇಲೆ ರಾಜ್ಯದ ಉಳಿದ ಕಡೆಗೂ ಗಣಿತದ ಕಿಟ್ ಬಂತು, ಶಿಕ್ಷಕರಿಗೆ ತರಬೇತಿಯಾಯಿತು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಊರವರ ಎದುರಿಗೇ ಮಕ್ಕಳ ಗಣಿತ ಸ್ಪರ್ಧೆಗಳು ನಡೆದವು. ಮೊದಲು ಕೈಗೆ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬ ಕ್ರಮ ಅದರದ್ದು. ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ವಿಚಾರ ಇದರ ಬೇರು.

ಇಲ್ಲಿಯೂ ಡೆಬೊರಾ ಬಾಲ್ ಅವರ ಒಂದು ಎಚ್ಚರಿಕೆ ನೆನಪಿಡಬೇಕು. ಬಣ್ಣದ ಘನಗಳಲ್ಲಿ, ಮಣಿಗಳಲ್ಲಿ ಗಣಿತ ತಾನಾಗಿ ಇಲ್ಲ ಎಂದು ಅವರು 1992ರಲ್ಲಿ ಬರೆದರು. ಹತ್ತು ಘನ ಅಂಟಿಸಿದ ಕೋಲಿನಲ್ಲಿ ನಾವು 'ಒಂದು ಹತ್ತು' ಎಂಬುದನ್ನು ಕಾಣುತ್ತೇವೆ, ಯಾಕೆಂದರೆ ನಮಗೆ ಮೊದಲೇ ಗೊತ್ತು. ಮಗುವಿಗೆ ಅದು ಬರೀ ಉದ್ದನೆಯ ಕೋಲಾಗಿರಬಹುದು. ಕೋಲನ್ನು ಕೊಟ್ಟು ಹತ್ತು ಬಿಡಿ ಪಡೆಯುವಾಗ "ಈಗ ನಿನ್ನ ಹತ್ರ ಇರೋದು ಮೊದಲಿಗಿಂತ ಜಾಸ್ತಿನಾ, ಕಮ್ಮಿನಾ, ಅಷ್ಟೇನಾ?" ಎಂದು ಕೇಳಿದಾಗಲೇ ಕೋಲು ಗಣಿತವಾಗುವುದು. ಆ ಪ್ರಶ್ನೆ ಯಾವ ಕಿಟ್ಟಿನೊಳಗೂ ಇರುವುದಿಲ್ಲ.

ಕೆಲಸದ ದೊಡ್ಡತನ ತಿಳಿಯಲು ಒಂದು ಅಂಕಿ ಸಾಕು. 'ಅಸರ್' ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಎರಡಂಕಿಯ ದಶಕ ಸಹಿತ ಕಳೆಯುವ ಲೆಕ್ಕ ಮಾಡಬಲ್ಲವರು 2022ರಲ್ಲಿ ಶೇ 25.9, 2024ರಲ್ಲಿ ಶೇ 33.7. ಎರಡು ವರ್ಷದಲ್ಲಿ ಆದ ಏರಿಕೆ ಸಂತೋಷ ತರುವಂಥದ್ದು. ಆದರೂ ಮೂವರಲ್ಲಿ ಇಬ್ಬರು ಈ ಬರಹದ ಮೊದಲ ಲೆಕ್ಕದ ಹತ್ತಿರವೇ ನಿಂತಿದ್ದಾರೆ.

ತರಬೇತಿ ಎಂಥದ್ದಾಗಿದ್ದರೆ ಫಲ ಕೊಡುತ್ತದೆ ಎಂಬುದಕ್ಕೆ ನನಗೆ ತುಂಬ ಭರವಸೆ ಕೊಡುವ ಪ್ರಯೋಗ ಅಮೆರಿಕದ ವಿಸ್ಕಾನ್ಸಿನ್‌ನದು. ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಸಂಗಡಿಗರು ಒಂದನೇ ತರಗತಿಯ 40 ಶಿಕ್ಷಕರನ್ನು ತೆಗೆದುಕೊಂಡು, ಅವರಲ್ಲಿ ಅರ್ಧದಷ್ಟು ಜನರಿಗೆ ಬೇಸಿಗೆಯಲ್ಲಿ ನಾಲ್ಕು ವಾರ ಕಾರ್ಯಾಗಾರ ನಡೆಸಿದರು. ಹೀಗೆ ಪಾಠ ಮಾಡಿ ಎಂದು ಹೇಳಲಿಲ್ಲ, ಕಿಟ್ ಕೊಡಲಿಲ್ಲ. ಮಕ್ಕಳು ಕೂಡುವ ಕಳೆಯುವ ಲೆಕ್ಕಗಳನ್ನು ಹೇಗೆ ಯೋಚಿಸುತ್ತಾರೆ ಎಂಬುದರ ಬಗ್ಗೆ ಸಂಶೋಧನೆಯಲ್ಲಿ ಕಂಡದ್ದನ್ನು ಹಂಚಿಕೊಂಡರು, ಅಷ್ಟೆ. 13 ಗೋಲಿಯಲ್ಲಿ 5 ಕೊಟ್ಟರೆ ಎಷ್ಟು ಉಳಿಯಿತು ಎಂಬುದೂ, 5 ಗೋಲಿ ಇವೆ ಇನ್ನೆಷ್ಟು ಗೆದ್ದರೆ 13 ಆದೀತು ಎಂಬುದೂ ನಮಗೆ ಒಂದೇ ಲೆಕ್ಕ. ಮಗುವಿಗೆ ಬೇರೆಬೇರೆ: ಮೊದಲನೆಯದರಲ್ಲಿ ಅದು 13 ಇಟ್ಟುಕೊಂಡು 5 ತೆಗೆಯುತ್ತದೆ, ಎರಡನೆಯದರಲ್ಲಿ ಐದರಿಂದ ಮುಂದಕ್ಕೆ ಎಣಿಸುತ್ತದೆ. ಇಂಥ ತಿಳಿವು ಪಡೆದ ಶಿಕ್ಷಕರು ಮರುವರ್ಷ ತರಗತಿಯಲ್ಲಿ ಮಕ್ಕಳ ಮಾತನ್ನು ಹೆಚ್ಚು ಕೇಳಿದರು, ಬಾಯಿಪಾಠದ ಅಭ್ಯಾಸಕ್ಕೆ ಉಳಿದವರಿಗಿಂತ ಕಡಿಮೆ ಹೊತ್ತು ಕೊಟ್ಟರು. ವರ್ಷದ ಕೊನೆಗೆ ಅವರ ಮಕ್ಕಳು ಸಮಸ್ಯೆ ಬಿಡಿಸುವುದರಲ್ಲಿ ಮುಂದಿದ್ದರು. ಬಾಯಿಲೆಕ್ಕ ನೆನಪಿಟ್ಟುಕೊಳ್ಳುವುದರಲ್ಲೂ ಮುಂದಿದ್ದರು. 1989ರಲ್ಲಿ ಪ್ರಕಟವಾದ ಈ ಫಲಿತಾಂಶ, ಮಗ್ಗಿ ಮರೆತುಹೋದೀತು ಎಂದು ಹೆದರುವ ಪೋಷಕರಿಗೆ ಓದಿ ಹೇಳುವಂಥದ್ದು.

ಜಪಾನಿನ ಶಿಕ್ಷಕರು ಇದನ್ನೇ ಕೂಡಿ ಮಾಡುತ್ತಾರೆ. ಕೆಲವರು ಸೇರಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಗೋಡೆಯ ಬದಿಯಲ್ಲಿ ನಿಂತು ಶಿಕ್ಷಕರನ್ನು ಬಿಟ್ಟು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಕೂತು ಪಾಠವನ್ನು ತಿದ್ದುತ್ತಾರೆ. ನಮ್ಮಲ್ಲಿ ಇದಕ್ಕೆ ಹೊಸ ವ್ಯವಸ್ಥೆ ಕಟ್ಟಬೇಕಿಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆ ಇದೆ, ಅದನ್ನು ನಡೆಸುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಇದ್ದಾರೆ. ಜಿಲ್ಲೆಯಲ್ಲಿ ಡಯಟ್ ಇದೆ. ಬೇಗೂರಿನಿಂದ ಅದೇ ಹೆದ್ದಾರಿ ಹಿಡಿದು ಹೋದರೆ ಮೈಸೂರಿನಲ್ಲಿ, 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ. ಸಭೆಯ ಹೊತ್ತೆಲ್ಲ ಮಾಹಿತಿ ತುಂಬಿಕೊಡುವುದರಲ್ಲೇ ಹೋಗುತ್ತದೆಂದು ಶಿಕ್ಷಕರು ಹೇಳುವುದನ್ನು ಎಲ್ಲ ಕಡೆಯೂ ಕೇಳುತ್ತೇವೆ. ಅದರಲ್ಲಿ ಒಂದು ಗಂಟೆಯನ್ನು ಕಾಯ್ದಿರಿಸಿ, ಪ್ರತಿಯೊಬ್ಬರೂ ತಮ್ಮ ನಾಲ್ಕನೇ ತರಗತಿಯ ಹತ್ತು ನೋಟ್‌ಬುಕ್ಕುಗಳನ್ನು ತರುವಂತಾಗಲಿ. ತಂದ ಪುಟಗಳಲ್ಲಿ ಮೂರೇ ಲೆಕ್ಕ ಸಾಕು: 52−27, 60−24, 304−168. ಉತ್ತರಗಳನ್ನು ಸರಿ ತಪ್ಪು ಎಂದು ಎರಡು ಗುಂಪು ಮಾಡದೆ, ಯಾವ ಯೋಚನೆಯಿಂದ ಬಂದಿರಬಹುದು ಎಂಬುದರ ಮೇಲೆ ವಿಂಗಡಿಸಬೇಕು.

60−24ಕ್ಕೆ 44 ಎಂದು ಬರೆದವರು ಒಂದು ಗುಂಪು, 40 ಎಂದು ಬರೆದವರು ಇನ್ನೊಂದು. ಸರಿಯುತ್ತರ 36. ಮೊದಲ ಗುಂಪಿನ ಮಕ್ಕಳು ಸೊನ್ನೆಯನ್ನೂ ನಾಲ್ಕನ್ನೂ ತಿರುಗುಮುರುಗು ಮಾಡಿ ಕಳೆದಿದ್ದಾರೆ. ಅವರ ಕೈಗೆ ಹತ್ತು ಕಡ್ಡಿಯ ಆರು ಕಟ್ಟು ಕೊಟ್ಟು, ನಾಲ್ಕು ಬಿಡಿ ಕಡ್ಡಿ ಕೊಡು ಎಂದು ಕೇಳಬೇಕು. ಕಟ್ಟು ಬಿಚ್ಚದೆ ಕೊಡಲಾಗದು ಎಂದು ಅವರಿಗೇ ತಿಳಿಯುತ್ತದೆ. ಎರಡನೆಯ ಗುಂಪಿನವರಿಗೆ ಸೊನ್ನೆ ಎಂದರೆ ಏನೂ ಇಲ್ಲ, ಏನೂ ಇಲ್ಲದ ಕಡೆಯಿಂದ ತೆಗೆದರೆ ಏನೂ ಉಳಿಯದು. 60 ಎಂಬುದರಲ್ಲಿ ಅರವತ್ತು ಬಿಡಿಗಳಿವೆ ಎಂಬುದು ಅವರ ಕಣ್ಣಿಗೆ ಬಿದ್ದಿಲ್ಲ. ಅವರಿಗೆ 60ರಿಂದ ಹಿಂದಕ್ಕೆ ನಾಲ್ಕು ಹೆಜ್ಜೆ ಎಣಿಸಿಸಿ, 56ಕ್ಕೆ ಬಂದು ನಿಂತ ಮೇಲೆ, ಇನ್ನು ಇಪ್ಪತ್ತು ಹೋದರೆ ಎಷ್ಟು ಎಂದು ಕೇಳಬೇಕು.